ಹಾಲ್‌ನಲ್ಲೊಂದು ಮೇಲ್ಸೇತುವೆ

ಐವತ್ತು ದಾಟಿದ ಗಂಡಸು ಆಟಿಕೆ ಕೊಳ್ಳುವಾಗ ಅಂಗಡಿಯವರು "ಮೊಮ್ಮಗನಿಗಾ ಸಾರ್?" ಎಂದರೆ ಹೌದೆನ್ನುವುದೇ ಕ್ಷೇಮ. ನಾನೂ ಹೌದೆಂದೆ. ನನ್ನ ಮಗಳಿಗಿನ್ನೂ ಮದುವೆಯಾಗಿಲ್ಲ ಎಂಬುದು ಅವರಿಗೆ ಬೇಡದ ವಿಷಯ. ಹೀಗೆ ಸದಾಶಿವನಗರದ ನಮ್ಮ ಮನೆಗೆ ರೈಲು ಬಂತು. ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಒಂದರ ಮೇಲೊಂದು ಒತ್ತಿ ಕಟ್ಟುವಂಥದ್ದು. ಬ್ಯಾಟರಿ ಎಂಜಿನ್, ಮೂರು ಬೋಗಿ, ಜೊತೆಗೆ ಒಂದು ರಿಮೋಟು.

ಸುಮ್ಮನೆ ಸುತ್ತು ಹೊಡೆಸಿದ್ದರೆ ಮುಗಿಯುತ್ತಿತ್ತು. ಆದರೆ ನಾನು ಹೈಸ್ಕೂಲಿನ ಗಣಿತದ ಮೇಷ್ಟ್ರು. ಹಳಿ ಇಂಗ್ಲಿಷಿನ ಎಂಟರಂತಿರಬೇಕು, ಒಂದು ದಾರಿ ಇನ್ನೊಂದರ ಮೇಲೆ ಸೇತುವೆಯಾಗಿ ಹಾಯಬೇಕು ಎಂದು ಹಟ ಹಿಡಿದೆ. ಹಳಿಯ ಒಂದೊಂದು ತುಂಡಿಗೂ ಎರಡೆರಡು ಇಟ್ಟಿಗೆ ಎತ್ತರಿಸುತ್ತ ಕಂಬ ನಿಲ್ಲಿಸಿದೆ. ರೈಲು ಮೂರನೆಯ ಕಂಬದವರೆಗೆ ಹೋಗಿ, ಚಕ್ರ ಗಿರ್ರೆನಿಸಿ, ಬಂದ ದಾರಿಯಲ್ಲೇ ಜಾರಿ ಬರುತ್ತಿತ್ತು. ಇಳಿಜಾರಿನ ಲೆಕ್ಕವನ್ನು ವರ್ಷಗಟ್ಟಲೆ ಬೋರ್ಡಿನ ಮೇಲೆ ಬಿಡಿಸಿದವನು ನಾನು. ಬೋರ್ಡಿನ ಮೇಲೆ ಯಾವುದೂ ಜಾರುವುದಿಲ್ಲ, ಅದೇ ತೊಂದರೆ.

ಇಷ್ಟರಲ್ಲಿ ಸ್ಟಾಫ್ ರೂಮಿನಲ್ಲಿ ಕೊಚ್ಚಿಕೊಂಡು, ಸೇತುವೆ ನೋಡಲು ಎಲ್ಲರನ್ನೂ ಭಾನುವಾರ ಕಾಫಿಗೆ ಕರೆದಾಗಿತ್ತು. ಹತ್ತು ದಿನದಿಂದ ಹಳಿ ದಾಟಿಕೊಂಡೇ ಅಡುಗೆಮನೆಗೆ ಹೋಗುತ್ತಿದ್ದ ಹೆಂಡತಿ ಸುಧಾ, "ಭಾನುವಾರದೊಳಗೆ ಹತ್ತಲಿಲ್ಲ ಅಂದ್ರೆ ಅಟ್ಟಕ್ಕೆ ಹಾಕ್ತೀನಿ ಕಣ್ರೀ" ಎಂದಳು.

ಶನಿವಾರ ಚೇಳೂರಿನಿಂದ ಅತ್ತೆ ಬಂದರು. ಸೋಫಾದ ಮೇಲೆ ಕಾಲು ಮಡಿಸಿ ಕೂತು, ರೈಲು ನಾಲ್ಕು ಸಲ ಜಾರಿದ್ದನ್ನು ನೋಡಿದರು.

"ಅಳಿಯಂದ್ರೇ, ಕೆರೆ ಏರಿ ಮ್ಯಾಲಕ್ಕೆ ಗೊಬ್ಬರದ ಗಾಡಿ ಇಂಗೆ ನೆಟ್ಟಗೆ ಹತ್ತುಸ್ತಾರಾ? ಎತ್ತು ಮಂಡಿ ಊರ್ತವೆ. ದೂರದಿಂದ ಒಸಿ ಒಸಿ ಏರಿಸ್ಕಂಡು ಬರ್ಬೇಕು. ಮೊದಲ್ನೇ ಹೆಜ್ಜೆ ಗಾಡಿಗೆ ಗೊತ್ತೇ ಆಗ್ಬಾರ್ದು."

"ಅಷ್ಟುದ್ದಕ್ಕೆ ಜಾಗ ಎಲ್ಲಿದೆ ಅತ್ತೆ?"

"ಈ ಸೋಫಾ ಸರಿಸಿ. ನಾನು ಎದ್ದೇಳ್ತೀನಿ ಬುಡಿ."

ಸೋಫಾ ಸರಿಯಿತು. ಶುರುವಿನ ಕಂಬಗಳಿಗೆ ಇಟ್ಟಿಗೆಯ ಬದಲು ತೆಳ್ಳನೆಯ ಬಿಲ್ಲೆ ಇಟ್ಟೆ, ಆಮೇಲೆ ತುಂಡಿಗೊಂದೇ ಇಟ್ಟಿಗೆ. ಏರು ಟಿ.ವಿ. ಸ್ಟ್ಯಾಂಡನ್ನು ಸುತ್ತಿಕೊಂಡು ಬಂತು. ಒಂದು ಬೋಗಿ ಕಳಚಿ ಭಾರ ಇಳಿಸಿದೆ. ಸಂಜೆ ರಿಮೋಟು ಒತ್ತಿದಾಗ ರೈಲು ನಿಧಾನವಾಗಿ ಏರಿ, ಸೇತುವೆಯ ನೆತ್ತಿ ಮುಟ್ಟಿ, ಆ ಕಡೆ ಇಳಿದು, ತಾನು ದಾಟಿ ಬಂದ ಸೇತುವೆಯ ಕೆಳಗೇ ನುಸುಳಿ ಹೋಯಿತು. ನಾನು ನೆಲದ ಮೇಲೆ ಬೋರಲು ಮಲಗಿ ಚಪ್ಪಾಳೆ ತಟ್ಟಿದೆ. ಸುಧಾ ಒಲೆ ಆರಿಸಿ ಬಂದು ಹನ್ನೊಂದು ಸುತ್ತು ನೋಡಿದಳು. ಅಟ್ಟದ ಮಾತು ಮತ್ತೆ ಬರಲಿಲ್ಲ.

ಭಾನುವಾರ ಸ್ಟಾಫ್ ರೂಮೇ ನಮ್ಮ ಹಾಲ್‌ನಲ್ಲಿ ಮಂಡಿಯೂರಿತ್ತು. ವಿಜ್ಞಾನದ ಮೇಡಂ ಬಗ್ಗಿ ಏರನ್ನು ಕಣ್ಣಲ್ಲೇ ಅಳೆದು, "ಎಷ್ಟು ಕರೆಕ್ಟಾಗಿದೆ. ಲೆಕ್ಕ ಯಾರದಮ್ಮಾ?" ಎಂದು ಅತ್ತೆಯನ್ನು ಕೇಳಿದರು. ನಾನು ವಿನಯದಿಂದ ತಲೆ ತಗ್ಗಿಸಿ ಸಿದ್ಧನಾದೆ.

"ನಮ್ಮ ಅಳಿಯಂದ್ರದ್ದೇ" ಎಂದರು ಅತ್ತೆ. "ಪಾಪ, ಯೋಳ್ಕೊಟ್ರೆ ಬೇಗ ಕಲೀತಾರೆ."