ಚೆಸ್ಟರಿನ ಅವಳಿ ಗಡಿಯಾರ

ವಿರೂಪಾಕ್ಷನ ಬಾಯಿ ಜಾರಿದ್ದು ಊಟದ ಹೊತ್ತಿನಲ್ಲಿ. ಸ್ಟಾಕ್‌ಪೋರ್ಟಿನ ಅವನ ಮನೆಗೆ ಬಂದಿದ್ದ ಗೆಳೆಯ, ಡಾಕ್ಟರ್ ರಹೀಮ್, ಹೋಳಿಗೆ ಮುರಿಯುತ್ತ, "ಇಷ್ಟು ವರ್ಷ ಆಯ್ತು, ಚೆಸ್ಟರ್ ಒಂದು ನೋಡೋಕಾಗಿಲ್ಲ ವಿರೂ ಭಾಯ್. ಹಳೇ ಊರಂತೆ, ನಡ್ಕೊಂಡೇ ನೋಡ್ಬೇಕಂತೆ" ಎಂದ.

"ನಾನು ತೋರಿಸ್ತೀನಿ ಬನ್ನಿ. ಅಲ್ಲಿನ ಕಲ್ಲುಕಲ್ಲೂ ನನಗೆ ಗೊತ್ತು."

ನಿಜಕ್ಕೂ ಅವನಿಗೆ ಗೊತ್ತಿದ್ದದ್ದು ಅಲ್ಲಿನ ಒಂದು ಕೆಫೆ ಮಾತ್ರ. ಹಿಂದೊಮ್ಮೆ ಮ್ಯಾಕಲ್ಸ್‌ಫೀಲ್ಡಿನ ಆಫೀಸಿನವರ ಜೊತೆ ಹೋದಾಗ ಮಳೆಗೆ ಹೆದರಿ ಸಂಜೆಯವರೆಗೆ ಅದರೊಳಗೇ ಕೂತಿದ್ದ. ಆದರೆ ಊಟಕ್ಕೆ ಪಕ್ಕದ ಮನೆಯ ಪ್ರಭಾವತಿ ಆಂಟಿಯೂ ಬಂದಿದ್ದರು. ಅವರು ಕನ್ನಡ ಬಳಗದ ವಾಟ್ಸಾಪ್ ಗುಂಪಿನ ಅಡ್ಮಿನ್. "ಹಾಗಾದ್ರೆ ನಾನೂ ಬರ್ತೀನಪ್ಪ" ಎಂದರು. ಇನ್ನು ಹಿಂದೆ ಸರಿಯುವಂತಿರಲಿಲ್ಲ. ಎಲ್ಲದಕ್ಕೂ ಮಾತಾಡುವ ಹೆಂಡತಿ ಉಮಾ ಅಂದು ತುಟಿ ಬಿಚ್ಚಲಿಲ್ಲ.

ಭಾನುವಾರ ನಾಲ್ವರೂ ಚೆಸ್ಟರಿನಲ್ಲಿ ರೈಲಿಳಿದಾಗ ಚಳಿ ಮೂಗನ್ನು ಚಿಮಟದಲ್ಲಿ ಹಿಡಿದಂತಿತ್ತು. ಮೂಲೆಯಂಗಡಿಯಿಂದ ಹಾಲು ತರಲೂ ಕಾರು ತೆಗೆಯುವ ವಿರೂಪಾಕ್ಷ ಎಲ್ಲರಿಗಿಂತ ಮುಂದೆ ನಡೆದ. ಬೀದಿಯ ಮೇಲಿನ ಕಮಾನಿನ ನೆತ್ತಿಯಲ್ಲಿ ಬಣ್ಣ ಬಳಿದ ದೊಡ್ಡ ಗಡಿಯಾರ ಕಂಡಿತು. ಅದರ ಪಕ್ಕದಲ್ಲೇ ಕೋಟೆಗೋಡೆಯ ಮೇಲೆ ಕಾಲುದಾರಿ. ಅವನಿಗೆ ಜೀವ ಬಂತು. ಬೀದಿಗಳಲ್ಲಾದರೆ ದಾರಿ ತಪ್ಪಬಹುದು, ಗೋಡೆಯ ಮೇಲೆ ಎಲ್ಲಿ ತಪ್ಪುವುದು? ಗೋಡೆ ಎಂದ ಮೇಲೆ ಎಲ್ಲೋ ಒಂದು ಕಡೆ ಮುಗಿಯಲೇಬೇಕು. ಅಲ್ಲಿ ಇಳಿದು ಟೀ ಕುಡಿದರಾಯಿತು.

"ಇದು ರಾಣಿ ವಿಕ್ಟೋರಿಯಾ ಕಾಲದ ಗಡಿಯಾರ" ಎಂದ. ಅದರ ಮೇಲೇ ಬರೆದಿತ್ತು. ಆಂಟಿ ಫೋನೆತ್ತಿ ವಿಡಿಯೋ ಮಾಡಿಕೊಂಡರು.

ಹಿಮಗಟ್ಟಿದ ಕಲ್ಲಿನ ಮೇಲೆ ಅವನು ಬಾತುಕೋಳಿಯಂತೆ ಹೆಜ್ಜೆಯಿಡುತ್ತ ಸಾಗಿದ. ನದಿ ಬಂತು, ಕುದುರೆ ರೇಸಿನ ಮೈದಾನ ಬಂತು, ಕಾಲುವೆ ಬಂತು, ಚರ್ಚಿನ ಗೋಪುರ ಬಂತು. ಆಮೇಲೆ ಮತ್ತೆ ಗಡಿಯಾರ ಬಂತು.

ವಿರೂಪಾಕ್ಷನಿಗೆ ಆಗ ಹೊಳೆಯಿತು. ಗೋಡೆ ಊರನ್ನು ಬಳೆಯಂತೆ ಸುತ್ತಿತ್ತು.

"ಆಗ್ಲೇ ನೋಡಿದ ಥರಾನೇ ಇದೆಯಲ್ಲಪ್ಪ?" ಎಂದರು ಆಂಟಿ.

"ಅವಳಿ ಗಡಿಯಾರ ಆಂಟಿ. ಆಗ ನೋಡಿದ್ದು ಅಕ್ಕ, ಇದು ತಂಗಿ."

ಆಂಟಿ ವಿಡಿಯೋ ಮಾಡುತ್ತಲೇ ಕತ್ತೆತ್ತಿ ಪರೀಕ್ಷಿಸಿದರು. "ಹೌದು ಕಣೋ. ಇದರಲ್ಲಿ ಟೈಮೇ ಬೇರೆ ಇದೆ."

ರಹೀಮ್‌ಗೆ ಕೆಮ್ಮು ಬಂತು. ವಿರೂಪಾಕ್ಷ ನಿಲ್ಲಲಿಲ್ಲ. ಅಲ್ಲೇ ಕೆಳಗಿಳಿದರೆ ಸುಳ್ಳು ಬಯಲಾಗುತ್ತಿತ್ತು. ಮೊದಲ ಸುತ್ತಿನಲ್ಲೂ ಕಂಡಿದ್ದ, ನಾಯಿ ಹಿಡಿದ ಮುದುಕಿಯೊಬ್ಬಳು ಎರಡನೇ ಸುತ್ತಿನಲ್ಲಿ ಮತ್ತೆ ಎದುರಾಗಿ, "ಸ್ಟಿಲ್ ಗೋಯಿಂಗ್ ರೌಂಡ್, ಲವ್?" ಎಂದು, ಇನ್ನೂ ಸುತ್ತುತ್ತಲೇ ಇದ್ದೀಯಾ ಮರಿ ಎನ್ನುವಂತೆ ನಕ್ಕಳು.

ಕಿವಿತುಂಬ ಮಫ್ಲರ್ ಸುತ್ತಿದ್ದ ಆಂಟಿ, "ಏನಂತಾರೆ?" ಎಂದರು.

"ಚಳಿ ಜಾಸ್ತಿ ಅಂತೆ."

ಗಡಿಯಾರ ಮೂರನೇ ಸಲ ಎದುರಾದಾಗ ಅವನಲ್ಲಿ ಅಕ್ಕತಂಗಿಯರಿಗೆ ಇನ್ನೊಬ್ಬ ತಂಗಿಯನ್ನು ಹುಟ್ಟಿಸುವ ಶಕ್ತಿ ಉಳಿದಿರಲಿಲ್ಲ. ಮೆಟ್ಟಿಲ ಮೇಲೆ ಕುಸಿದು ಕೂತ.

"ತಪ್ಪಾಯ್ತು. ಈ ಊರಿನ ಒಂದು ಕಲ್ಲೂ ನನಗೆ ಗೊತ್ತಿಲ್ಲ. ಇದು ಅದೇ ಗಡಿಯಾರ, ಅದೇ ಗೋಡೆ. ರಹೀಮ್, ನಿಮ್ಮ ಒಂದು ಭಾನುವಾರ ಹಾಳು ಮಾಡ್ದೆ."

"ಗೊತ್ತು ವಿರೂ ಭಾಯ್" ಎಂದ ರಹೀಮ್ ಮೆಲ್ಲಗೆ. "ನಾನು ಟ್ರೈನಿಂಗ್ ಮಾಡಿದ್ದೇ ಈ ಊರಲ್ಲಿ."

"ಮತ್ತೆ ನೋಡೇ ಇಲ್ಲ ಅಂದ್ರಿ?"

"ನಾನೇ ಹಾಗನ್ನಿ ಅಂದಿದ್ದೆ ರೀ" ಎಂದಳು ಉಮಾ. "ಶುಗರ್ ಏರಿದೆ, ದಿನಾ ವಾಕ್ ಹೋಗಿ ಅಂತ ಬಡ್ಕೊಂಡೆ. ಗೇಟ್ ದಾಟ್ಲಿಲ್ಲ ನೀವು. ಆರೋಗ್ಯಕ್ಕೆ ನಡೆಯಲ್ಲ, ಜಂಬಕ್ಕಾದ್ರೆ ನಡೀತೀರಿ ಅಂತ ಗೊತ್ತಿತ್ತು. ಒಂದು ಸುತ್ತು ನಡೆದ್ರೆ ಸಾಕು ಅಂದ್ಕೊಂಡಿದ್ವಿ. ನೀವು ಎರಡು ಸುತ್ತು ಹಾಕಿದ್ರಿ."

ವಿರೂಪಾಕ್ಷನಿಗೆ ಸಿಟ್ಟು ಬರಬೇಕಿತ್ತು, ಆದರೆ ನಿರಾಳವಾಯಿತು. ಇನ್ನು ಸುಳ್ಳು ಹೇಳಬೇಕಿಲ್ಲ, ನಡೆಯಬೇಕಿಲ್ಲ.

ಅಷ್ಟರಲ್ಲಿ ಆಂಟಿ ಮಫ್ಲರ್ ಸಡಿಲಿಸಿದರು. "ಹಾಗಾದ್ರೆ ತಂಗಿ ಗಡಿಯಾರ ಇಲ್ವೇನೋ? ನಾನು ವಿಡಿಯೋ ಎಲ್ಲಾ ಗುಂಪಿಗೆ ಹಾಕ್ಬಿಟ್ಟೆ."

"ಅಯ್ಯೋ. ಏನಂತಿದಾರೆ?"

"ನಕ್ಕು ನಕ್ಕು ಸಾಕಾಯ್ತಂತೆ. ಇಂಥ ತಮಾಷೆ ಗೈಡ್‌ನ ಕಂಡೇ ಇಲ್ವಂತೆ. ಮುಂದಿನ ಭಾನುವಾರ ಯಾರ್ಕಿಗೆ ನೀನೇ ಕರ್ಕೊಂಡು ಹೋಗ್ಬೇಕಂತೆ. ಇಡೀ ಬಳಗ ಬರುತ್ತಂತೆ."

"ಯಾರ್ಕಿನ ಗೋಡೆ ಇದಕ್ಕಿಂತ ಉದ್ದ" ಎಂದ ರಹೀಮ್, ಔಷಧಿ ಬರೆದುಕೊಡುವ ಧ್ವನಿಯಲ್ಲಿ.

ಯಾರ್ಕಿಗೆ ತಾನು ಕಾಲಿಟ್ಟೇ ಇಲ್ಲ ಎನ್ನಲು ವಿರೂಪಾಕ್ಷ ಬಾಯಿ ತೆರೆದ. ಆಂಟಿಯ ಫೋನು ಟಿಣ್ ಎಂದಿತು.

"ಲೀಡ್ಸ್‌ನ ಜೀವನ್ ಕೇಳ್ತಿದಾನೆ," ಆಂಟಿ ಓದಿದರು, "'ಅವರಿಗೆ ಯಾರ್ಕ್ ಸರಿಯಾಗಿ ಗೊತ್ತಿರುತ್ತಾ?' ಅಂತ."

ವಿರೂಪಾಕ್ಷನ ಕತ್ತು ನೆಟ್ಟಗಾಯಿತು.

"ಗೊತ್ತಿರುತ್ತಾ ಅಂದ್ರೆ ಏನರ್ಥ?" ಎಂದ. "ಕಣ್ಣಿಗೆ ಬಟ್ಟೆ ಕಟ್ಟಿ ಬಿಟ್ರೂ ಊರೆಲ್ಲ ಸುತ್ತಿಸ್ಕೊಂಡು ಬರ್ತಾರೆ ಅಂತ ಬರೀರಿ ಆಂಟಿ ಅವನಿಗೆ."