ಹೆಂಡತಿಯ ಪರೀಕ್ಷೆ, ನನ್ನ ಬಂದೋಬಸ್ತು

"ಭಾನುವಾರ ಹತ್ತರಿಂದ ಒಂದರವರೆಗೆ ಈ ಮನೆಯಲ್ಲಿ ಒಂದು ಸೂಜಿ ಬಿದ್ರೂ, ಅದು ನೆಲ ಮುಟ್ಟೋಕೆ ಮೊದಲೇ ನಾನು ಹಿಡೀತೀನಿ," ಎಂದು ಹೆಂಡತಿಯ ಎದುರು ಎದೆ ತಟ್ಟಿಕೊಂಡು ಘೋಷಿಸಿದೆ.

ಅವಳು ಪುಸ್ತಕದಿಂದ ತಲೆ ಎತ್ತದೆ, "ನೀವು ಸುಮ್ನೆ ಇದ್ರೆ ಸಾಕು ರೀ," ಎಂದಳು.

ನನ್ನಿಂದಾಗದ ಕೆಲಸವೆಂದರೆ ಅದೊಂದೇ. ನಾನು ಲಿಫ್ಟ್ ರಿಪೇರಿಯವನು. ಹನ್ನೆರಡನೇ ಮಹಡಿಯಲ್ಲಿ ಸಿಕ್ಕಿಕೊಂಡ ಲಿಫ್ಟನ್ನೇ ಇಳಿಸುವವನಿಗೆ ಒಂದು ಮನೆಯ ಬಾಯಿ ಮುಚ್ಚಿಸುವುದು ಯಾವ ಮಹಾ!

ಅವಳ ಬಗ್ಗೆ ಹೇಳಲೇಬೇಕು. ಇಪ್ಪತ್ತೆರಡು ಹಾಸಿಗೆಯ ವಾರ್ಡಿನ ಹೆಡ್ ನರ್ಸ್ ಅವಳು. ನಲವತ್ತಮೂರನೇ ವಯಸ್ಸಿನಲ್ಲಿ, ಕೆಲಸದಲ್ಲಿರುವವರಿಗೆಂದೇ ಇರುವ ಎರಡು ವರ್ಷದ ಎಂಬಿಎ ಸೇರಿದಳು. ಡ್ಯೂಟಿ ಮುಗಿಸಿ ಸಂಜೆ ಕ್ಲಾಸು, ರಜೆಯ ದಿನವೂ ಕ್ಲಾಸು. ಡ್ಯೂಟಿ ಪಟ್ಟಿಯ ಹಿಂಬದಿಯಲ್ಲಿ ನೋಟ್ಸು, ಬಸ್ಸಿನಲ್ಲಿ ನಿಂತುಕೊಂಡು ಓದು. ನಾನಾಗಿದ್ದರೆ ಮೊದಲ ವಾರವೇ ಬೆನ್ನುನೋವಿನ ನೆಪ ಹೇಳಿ ಮಲಗಿಬಿಡುತ್ತಿದ್ದೆ. ಈಗ ಉಳಿದದ್ದು ಒಂದೇ ಪರೀಕ್ಷೆ, ಲ್ಯಾಪ್‌ಟಾಪಿನ ಮುಂದೆ ಕೂತು ಬರೆಯುವಂಥದ್ದು. ಕ್ಯಾಮೆರಾ ನೋಡುತ್ತಲೇ ಇರುತ್ತದೆ. ಇನ್ನೊಬ್ಬರ ದನಿ ಕೇಳಿಸಿದರೆ ಪತ್ರಿಕೆ ರದ್ದು, ಮತ್ತೆ ಬರೆಯಲು ಒಂದು ವರ್ಷ ಕಾಯಬೇಕು. ನರ್ಸಿಂಗ್ ಸೂಪರಿಂಟೆಂಡೆಂಟ್ ಹುದ್ದೆಯ ಸಂದರ್ಶನವೋ ಮುಂದಿನ ತಿಂಗಳೇ. ಈ ಪರೀಕ್ಷೆ ಕೈತಪ್ಪಿದರೆ ಆ ಹುದ್ದೆಯೂ ಕೈತಪ್ಪಿದಂತೆ.

ಭಾನುವಾರ ಬೆಳಿಗ್ಗೆಯೇ ಬಂದೋಬಸ್ತು ಶುರು ಮಾಡಿದೆ. ಗೋಡೆ ಗಡಿಯಾರದ ಬ್ಯಾಟರಿ ತೆಗೆದೆ. ತೊಟ್ಟಿಕ್ಕುವ ನಲ್ಲಿಗೆ ಬಟ್ಟೆ ಕಟ್ಟಿದೆ. ಎಳೆದರೆ ಕಿರುಗುಟ್ಟಬಾರದೆಂದು ಕುರ್ಚಿ, ಸ್ಟೂಲುಗಳ ಕಾಲಿಗೆಲ್ಲ ನನ್ನ ಹಳೆಯ ಸಾಕ್ಸ್ ತೊಡಿಸಿದೆ. ಒಂಬತ್ತೂವರೆಗೆ ಪಕ್ಕದ ಮನೆಯ ಬಡಗಿಯ ಹತ್ತಿರ ಹೋಗಿ, ಒಂದು ಗಂಟೆಯವರೆಗೆ ಸುತ್ತಿಗೆ ಮುಟ್ಟುವುದಿಲ್ಲವೆಂದು ಮಾತು ತೆಗೆದುಕೊಂಡು ಬಂದೆ. ವಾಪಸ್ ಬರುವಷ್ಟರಲ್ಲಿ ಕೋಣೆಯ ಬಾಗಿಲು ಮುಚ್ಚಿತ್ತು. ಹಜಾರದಲ್ಲಿ ಅಮ್ಮ ಪೇಪರ್ ಓದುತ್ತಿದ್ದಳು.

"ಆ ಬಾಗಿಲು ತೆಗೀಬೇಡ," ಎಂದಳು.

ನಾನು ಬಾಗಿಲಿಗೆ ಅಡ್ಡಲಾಗಿ ಕುರ್ಚಿ ಹಾಕಿಕೊಂಡು ಕೂತೆ.

ಹತ್ತೂ ನಲವತ್ತಕ್ಕೆ ಹಕ್ಕಿಯ ದನಿಯ ನಮ್ಮ ಕರೆಗಂಟೆ ಕೂಗಿತು. ಹೊರಗೆ ಬಡಗಿ ನಿಂತಿದ್ದ. "ಒಂದು ಗಂಟೆ ಆಯ್ತಾ ಅಂತ ಕೇಳೋಣ ಅಂತ ಬಂದೆ," ಎಂದು ಪಿಸುಗುಟ್ಟಿದ. ಅವನೇನೋ ಪಿಸುಗುಟ್ಟಿದ, ಗಂಟೆ ಮಾತ್ರ ನಿಲ್ಲಲಿಲ್ಲ. ಹೋದ ವಾರ ನಾನೇ ಸ್ವಹಸ್ತದಿಂದ ರಿಪೇರಿ ಮಾಡಿದ ಗುಂಡಿ ಒಳಗೇ ಸಿಕ್ಕಿಕೊಂಡು, ಗಂಟೆಯೊಳಗಿನ ಹಕ್ಕಿ ಉಸಿರು ತೆಗೆದುಕೊಳ್ಳದೆ ಕೂಗತೊಡಗಿತು.

ಸ್ವಿಚ್ ಬೋರ್ಡಿನತ್ತ ಓಡಿದೆ. ಸಾಲಾಗಿ ಎಂಟು ಸ್ವಿಚ್ಚುಗಳು, ಒಂದಕ್ಕೂ ಹೆಸರಿಲ್ಲ. ಕೆಲಸದ ಜಾಗದಲ್ಲಿ ಹೆಸರು ಅಂಟಿಸದ ಬೋರ್ಡು ಕಂಡರೆ ನಾನು ಎಲ್ಲರ ಮೇಲೂ ಹಾರಾಡುತ್ತೇನೆ. ಮನೆಯಲ್ಲಿ ಆರು ವರ್ಷದಿಂದ ಹೆಂಡತಿ, "ಯಾವುದು ಯಾವುದಕ್ಕೆ ಅಂತ ಬರೆದಿಡಿ ರೀ" ಎನ್ನುತ್ತಲೇ ಇದ್ದಳು, ನಾನು "ಎಲ್ಲಾ ತಲೇಲಿದೆ ಬಿಡು" ಎನ್ನುತ್ತಲೇ ಇದ್ದೆ. ಆ ಹೊತ್ತಿಗೆ ತಲೆಯಲ್ಲಿ ಹಕ್ಕಿ ಬಿಟ್ಟು ಬೇರೇನೂ ಇರಲಿಲ್ಲ.

ಒಂದನ್ನು ಇಳಿಸಿದೆ, ಫ್ಯಾನು ನಿಂತಿತು. ಇನ್ನೊಂದನ್ನು ಇಳಿಸಿದೆ, ಫ್ರಿಜ್ಜು ನಿಂತಿತು. ಮೂರನೆಯದಕ್ಕೆ ಹಕ್ಕಿ ಬಾಯಿ ಮುಚ್ಚಿತು. ಗೆದ್ದೆ ಎಂದುಕೊಂಡು ಬೆವರು ಒರೆಸಿಕೊಳ್ಳುವಾಗ ವೈಫೈ ಪೆಟ್ಟಿಗೆ ಕಣ್ಣಿಗೆ ಬಿತ್ತು. ಅದರ ದೀಪಗಳೆಲ್ಲ ಆರಿದ್ದವು! ವೈರು ಉಳಿಸುವ ಜಾಣತನದಲ್ಲಿ ಎರಡನ್ನೂ ಒಂದೇ ಸ್ವಿಚ್ಚಿಗೆ ಕೊಟ್ಟವನು ನಾನೇ. ಮೇಲೆ ಮಾಡಿದರೆ ಇಂಟರ್ನೆಟ್ಟಿನ ಜೊತೆ ಹಕ್ಕಿ, ಕೆಳಗೆ ಮಾಡಿದರೆ ಎರಡೂ ಇಲ್ಲ.

ಇನ್ನು ಗಂಟೆಯ ವೈರನ್ನೇ ಕಿತ್ತುಬಿಡೋಣವೆಂದು ಸ್ವಿಚ್ ಮೇಲೆ ಮಾಡಿ, ಕೂಗುವ ಹಕ್ಕಿಯ ಕೆಳಗೆ ಸ್ಟೂಲು ಹಾಕಿ ಹತ್ತಿದೆ. ಸ್ಟೂಲು ಸಾಕ್ಸ್ ಹಾಕಿಕೊಂಡಿದ್ದುದು ಮರೆತೇಹೋಗಿತ್ತು. ಅದು ನನ್ನನ್ನು ಹೊತ್ತುಕೊಂಡು ಸರ್ರನೆ ಜಾರಿ, ಅಡುಗೆಮನೆ ಬಾಗಿಲಲ್ಲಿದ್ದ ಸ್ಟೀಲ್ ಪಾತ್ರೆಗಳ ಸ್ಟ್ಯಾಂಡಿಗೆ ಒಪ್ಪಿಸಿತು. ಹಕ್ಕಿಯೇನೋ ವೈರಿನ ಸಮೇತ ನನ್ನ ಕೈಗೆ ಬಂತು. ಆದರೆ ಮನೆಯಲ್ಲಿದ್ದ ಅಷ್ಟೂ ತಟ್ಟೆ ಲೋಟ ನೆಲ ಸೇರಿ, ಕೊನೆಯದೊಂದು ಮುಚ್ಚಳ ಗಿರಗಿರನೆ ಸುತ್ತುತ್ತಲೇ ಇತ್ತು.

ಬಾಗಿಲಾಚೆಯಿಂದ ಬಡಗಿ ಕೇಳಿದ: "ಯಜಮಾನ್ರೇ, ನೀವೇ ಬಡೀತಿದ್ದೀರಲ್ಲ, ನಾನೂ ಶುರು ಮಾಡ್ಲಾ?"

"ಶ್! ಒಳಗೆ ಪರೀಕ್ಷೆ ನಡೀತಿದೆ!" ಎಂದು ಇಡೀ ಬೀದಿಗೆ ಕೇಳುವಂತೆ ಕಿರುಚಿದೆ.

ಕೋಣೆಯಿಂದ ಒಂದು ಸದ್ದೂ ಬರಲಿಲ್ಲ. ಪತ್ರಿಕೆ ರದ್ದಾಗಿ ಅವಳು ತಲೆಯ ಮೇಲೆ ಕೈ ಹೊತ್ತು ಕೂತಿರಬೇಕು. ಬಸ್ಸಿನಲ್ಲಿ ನಿಂತು ಓದಿದ ಎರಡು ವರ್ಷವನ್ನು ಎರಡು ನಿಮಿಷದಲ್ಲಿ ಮಣ್ಣುಪಾಲು ಮಾಡಿದ್ದೆ. ನಿಜವಾಗಿಯೂ ಕಣ್ಣಲ್ಲಿ ನೀರು ಬಂತು. ಅಮ್ಮ ಪೇಪರಿನ ಹಾಳೆ ತಿರುವಿ, "ಟೀ ಕುಡೀತೀಯೇನೋ?" ಎಂದಳು.

"ಹೇಗಮ್ಮಾ ಗಂಟಲಲ್ಲಿ ಇಳಿಯುತ್ತೆ?" ಎಂದು ಮತ್ತೆ ಕಾವಲಿಗೆ ಕೂತೆ.

ಒಂದೂಕಾಲಿಗೆ ಬೀದಿಬಾಗಿಲು ತೆರೆಯಿತು. ಹೆಗಲಿಗೆ ಬ್ಯಾಗು ಹಾಕಿಕೊಂಡು ಹೆಂಡತಿ ಒಳಗೆ ಬಂದಳು. ನಾನು ಅವಳನ್ನು ನೋಡಿದೆ, ಮುಚ್ಚಿದ ಬಾಗಿಲನ್ನು ನೋಡಿದೆ.

"ನೀನು ಇಲ್ಲಿ... ಹಾಗಾದ್ರೆ ಒಳಗೆ ಯಾರು?"

"ಯಾರೂ ಇಲ್ಲ. ನಾನು ಆಸ್ಪತ್ರೆ ಲೈಬ್ರರೀಲಿ ಕೂತು ಬರೆದೆ. ಚೆನ್ನಾಗಾಯ್ತು ರೀ."

ಪೇಪರಿನ ಹಿಂದೆ ಅಮ್ಮನ ಭುಜಗಳು ಕುಲುಕುತ್ತಿದ್ದವು.

"ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಅಲ್ಲಿಗೂ ಸಹಾಯಕ್ಕೆ ಬರ್ತಿದ್ರಿ. ವಾರ್ಡಲ್ಲಿ ಪ್ರತಿ ರೋಗಿಗೂ ಒಬ್ಬ ಪ್ರೀತಿಯ ನೆಂಟ ಇರ್ತಾನೆ. ಅವನನ್ನ ಕಾರಿಡಾರಿನ ಆ ತುದೀಲಿ ಕಾವಲಿಗೆ ಕೂರಿಸ್ತೀವಿ. ಅವನಿಗೂ ಸಮಾಧಾನ, ರೋಗಿಗೂ ನಿದ್ದೆ."

"ಇದನ್ನ ನಿಮ್ಮ ಎಂಬಿಎಲಿ ಹೇಳಿಕೊಟ್ರಾ?"

"ಇಲ್ಲ, ಇವತ್ತು ನಾಲ್ಕನೇ ಪ್ರಶ್ನೇಲಿ ನಾನೇ ಅವರಿಗೆ ಹೇಳಿಕೊಟ್ಟೆ."

ಸಿಟ್ಟು ಮಾಡಿಕೊಳ್ಳಲು ನೋಡಿದೆ, ಬಂದದ್ದು ನಗು. ಅದರ ಹಿಂದೆಯೇ ಒಂದು ಹೆಮ್ಮೆಯೂ ಬಂತು. ಇಂಥವಳ ಕೈಗೆ ಆಸ್ಪತ್ರೆ ಕೊಡದೆ ಇನ್ಯಾರಿಗೆ ಕೊಡುತ್ತಾರೆ?

ಅವಳು ಮೊದಲ ದರ್ಜೆಯಲ್ಲಿ ಪಾಸಾದಳು. ಸಂದರ್ಶನಕ್ಕೆ ನಾನೂ ಬರುತ್ತೇನೆಂದು ಹಠ ಹಿಡಿದೆ. ಬೇಡ ಎನ್ನಲಿಲ್ಲ. ಆಸ್ಪತ್ರೆಯ ಗೇಟಿನ ಪಕ್ಕದ ಬೆಂಚಿನಲ್ಲಿ ಕೂರಿಸಿ, ದಾರ ಕಟ್ಟಿದ ಫೈಲೊಂದನ್ನು ಕೊಟ್ಟು, "ಬಹಳ ಮುಖ್ಯವಾದದ್ದು, ಕೈಬಿಡಬೇಡಿ," ಎಂದು ಒಳಗೆ ಹೋದಳು. ಎರಡು ಗಂಟೆ ಅದನ್ನು ಎದೆಗವಚಿಕೊಂಡು ಕೂತೆ. ನೊಣ ಮೂಗಿನ ಮೇಲೆ ಕೂತರೂ ಕೈ ಎತ್ತಲಿಲ್ಲ.

ಅವಳು ಹೊರಬಂದಾಗ ದೂರದಿಂದಲೇ ಮುಖ ನೋಡಿ ಗೊತ್ತಾಯಿತು, ಕೆಲಸ ಸಿಕ್ಕಿತ್ತು.

"ನೋಡು, ಫೈಲು ಕೈಬಿಡಲಿಲ್ಲ," ಎಂದೆ.

"ಈಗ ಬಿಚ್ಚಿ," ಎಂದಳು ಸೂಪರಿಂಟೆಂಡೆಂಟ್.

ಬಿಚ್ಚಿದೆ. ಒಳಗೆ ಅಂಟಿಸುವ ಖಾಲಿ ಚೀಟಿಗಳು ಎಂಟು, ಒಂದು ಪೆನ್ನು, ಮತ್ತು ಅವಳ ದುಂಡು ಕೈಬರಹದಲ್ಲಿ ಒಂದು ಸಾಲು: "ಸ್ವಿಚ್ ಬೋರ್ಡಿಗೆ. ಇವತ್ತೇ."