ಗಿರಣಿ ಬಂದ್, ಪರೀಕ್ಷೆ ಚಾಲೂ

ಈ ಸಲ ಸಿಇಟಿ ಗಣಿತದ ಪೇಪರಿನಲ್ಲಿ ನನ್ನ ಮಗಳಿಗೆ ಟೈಮ್ ಸಾಲದೆ ಹೋದರೆ ನಾನು ಕಾಶೀನಾಥನೇ ಅಲ್ಲ! ಹೀಗೆಂದು ಕುರಕುಂಟಾದ ನನ್ನ ಹಿಟ್ಟಿನ ಗಿರಣಿಯ ಕಟ್ಟೆಯ ಮೇಲೆ ನಿಂತು ಘೋಷಿಸಿದೆ. ಕೇಳಿಸಿಕೊಂಡವರು ಇಬ್ಬರೇ. ಒಂದು, ಜೋಳದ ಚೀಲಕ್ಕೆ ಬಾಯಿ ಹಾಕಿದ್ದ ಆಡು; ಇನ್ನೊಂದು, ನನ್ನ ಹೆಂಡತಿ ಜಗದೇವಿ. ಆಡು ಹೆದರಿ ಓಡಿಹೋಯಿತು. ಹೆಂಡತಿ ಓಡಲಿಲ್ಲ, ಆಕೆಗೆ ರೂಢಿಯಾಗಿದೆ.

ವಿಷಯ ಸಣ್ಣದಲ್ಲ. ಮಗಳು ಐಶ್ವರ್ಯಳಿಗೆ ಫಾರ್ಮಸಿ ಓದುವ ಹುಚ್ಚು. ಹೋದ ವರ್ಷ, ಬರುವ ಲೆಕ್ಕಗಳನ್ನೂ ಮುಟ್ಟುವ ಮೊದಲೇ ಗಂಟೆ ಬಾರಿಸಿತು, ಸೀಟು ಹೋಯಿತು. "ಈ ಸಲನೂ ಹೋದ್ರ ಫಾರ್ಮಸಿ ಹೆಸರೇ ತೆಗ್ಯಂಗಿಲ್ಲಪ್ಪ" ಎಂದುಬಿಟ್ಟಿದ್ದಳು. ಎಂಬತ್ತು ನಿಮಿಷಕ್ಕೆ ಅರವತ್ತು ಲೆಕ್ಕವಂತೆ! ನಾನು ಐದನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು. ಅವರು ಒಂದು ಲೆಕ್ಕಕ್ಕೆ ಕೊಡುವ ಟೈಮಿನಲ್ಲಿ ನನಗೆ ಗಿರಾಕಿಯ ಡಬ್ಬಿಯ ಮುಚ್ಚಳ ತೆಗೆಯಲೂ ಆಗುವುದಿಲ್ಲ.

"ಗುಳಗಿ ಮಾರ್ಲಿಕ್ಕ ಇಷ್ಟು ಲೆಕ್ಕ ಎದಕ್ಕವ್ವ?" ಎಂದು ಕೇಳಿದೆ.

"ಮಾರಾದಲ್ಲಪ್ಪ, ಗುಳಗಿ ಹ್ಯಾಂಗ ಮಾಡ್ತಾರ ಅಂತ ಕಲಿಯಾದು. ಲೆಕ್ಕ ತಪ್ಪಿದ್ರ ತಿಂದವ್ರು ಉಳಿಯಂಗಿಲ್ಲ!"

ನನ್ನ ತಲೆ ಓಡತೊಡಗಿತು. ಮಗಳ ಟೈಮನ್ನು ತಿನ್ನುತ್ತಿರುವ ರಾಕ್ಷಸ ಯಾರು? ಹೊಳೆಯಿತು! ಮುಂದಿನ ಕೋಣೆಯಲ್ಲಿ ಮುಂಜಾನೆಯಿಂದ ಸಂಜೆತನಕ ಗುಂಯ್‌ಗುಡುವ ನನ್ನ ಗಿರಣಿಯೇ! ಅದರ ಹಿಂದಿನ ಕೋಣೆಯಲ್ಲಿ ಕೂತ ಹುಡುಗಿಯ ತಲೆಗೆ ಲೆಕ್ಕ ಹತ್ತುವುದಾದರೂ ಹೇಗೆ?

"ನಾಳಿಂದ ಆಕಿ ಪ್ರಾಕ್ಟೀಸ್ ಪೇಪರ್ ಮಾಡೂತನಕ ಗಿರಣಿ ಬಂದ್!" ಎಂದೆ.

"ಗಿರಾಕಿಗೋಳಿಗಿ ಏನ್ ಹೇಳ್ತೀರಿ?" ಎಂದಳು ಜಗದೇವಿ.

"ಸುಮ್ಮ ಕುಂದ್ರಿ ಅಂತೀನಿ."

"ಮೊದ್ಲ ನೀವು ಸುಮ್ಮ ಕುಂತು ತೋರ್ಸ್ರಿ!"

ಮರುದಿನ ಜಗದೇವಿ ಕಿರಾಣಿ ಅಂಗಡಿಗೆ ಹೋಗಿದ್ದಳು. ನಾನು ಮಗಳನ್ನು ಒಳಗೆ ಕೂರಿಸಿ, ಎದುರಿಗೆ ಗಡಿಯಾರ ಇಟ್ಟು, ಬಾಗಿಲು ಎಳೆದುಕೊಂಡು, ಗಿರಣಿ ಆರಿಸಿ, ಹೊಸ್ತಿಲ ಮೇಲೆ ಸೇನಾಪತಿಯಂತೆ ಕೂತೆ. ಮೊದಲು ಬಂದವಳು ಅಮೀರ್ಬೀ, ತಲೆಯ ಮೇಲೆ ಜೋಳದ ಡಬ್ಬಿ.

"ಯಾಕೋ ಕಾಶೀನಾಥ, ಕರೆಂಟ್ ಅದಲ್ಲ?"

"ಶ್!" ಎಂದು ತುಟಿಯ ಮೇಲೆ ಬೆರಳಿಟ್ಟು ಕಣ್ಣು ಕೆಂಪಗೆ ಮಾಡಿದೆ. ನನ್ನ ಸಿಟ್ಟಿನ ರುಚಿ ಊರಿಗೆಲ್ಲ ಗೊತ್ತು. ಆಕೆ ಬಾಯಿಗೆ ಸೆರಗು ಹಿಡಿದು ಗೋಡೆಗೆ ಒರಗಿ ಕೂತಳು. ಹಿಂದೆ ಬಂದ ಹೆಂಗಸರೂ ಆಕೆಯನ್ನು ನೋಡಿ ಹಾಗೆಯೇ ಕೂತರು. ಆಹಾ, ಎಂಥ ಶಿಸ್ತು!

ಆಗ ಬಂದ, ಪಕ್ಕದ ಓಣಿಯ ಭಾಗಣ್ಣ. ಕರೆಂಟಿದ್ದೂ ನನ್ನ ಗಿರಣಿ ನಿಂತಿದ್ದು ಒಮ್ಮೆ ಮಾತ್ರ, ನಮ್ಮಪ್ಪ ತೀರಿಕೊಂಡ ದಿನ. ಭಾಗಣ್ಣ ಮುಚ್ಚಿದ ಬಾಗಿಲು ನೋಡಿದ. ಬಾಯಿಗೆ ಸೆರಗಿಟ್ಟ ಹೆಂಗಸರನ್ನು ನೋಡಿದ. ಕೆಂಗಣ್ಣಿನ ನನ್ನನ್ನು ನೋಡಿದ. ಜಗದೇವಿ ಎಲ್ಲೂ ಕಾಣಲಿಲ್ಲ. ಚಪ್ಪಲಿ ಬಿಟ್ಟು ಬಂದು ನನ್ನ ಭುಜ ಅದುಮಿದ.

"ಧೈರ್ಯ ತಗೋ" ಎಂದು ಪಿಸುಗುಟ್ಟಿದ.

ಪರೀಕ್ಷೆಯ ಮಾತೆಂದು ತಿಳಿದು ನಾನೂ ಪಿಸುಗುಟ್ಟಿದೆ, "ನಮ್ಮ ಕೈಯಾಗ ಏನದ ಭಾಗಣ್ಣ? ಎಲ್ಲಾ ಮ್ಯಾಲಿನವಂದು."

ಕೆಟ್ಟದ್ದು ಅಲ್ಲೇ! ಭಾಗಣ್ಣ ಕಣ್ಣೊರೆಸಿಕೊಂಡು ಹೋದವನು ಸೇಡಂನಲ್ಲಿರುವ ನನ್ನ ತಂಗಿ ಉಮಾದೇವಿಗೆ ಫೋನ್ ಮಾಡಿದ. ಅಲ್ಲಿಂದ ಹೂಮಾಲೆ ತರಲು ಹೋದ. ಸ್ವಲ್ಪ ಹೊತ್ತಿಗೆ ಆಟೋ ಬಂದು ನಿಂತಿತು. ತಂಗಿ ಇಳಿದವಳೇ ಮುಚ್ಚಿದ ಬಾಗಿಲಿಗೆ ತಲೆ ಹಚ್ಚಿ ಶುರು ಮಾಡಿದಳು:

"ವೈನಿ! ನಮ್ಮ ಬಂಗಾರದಂಥ ವೈನಿ! ನಮ್ಮಣ್ಣನ ಸಿಟ್ಟಿಗಿ ಬಲಿ ಆದ್ಯಲ್ಲವ್ವೋ!"

"ಏ, ಬಾಯ್ ಮುಚ್ಚು! ಒಳಗ ಟೈಮ್ ಹೋಗ್ಲಿಕತ್ತದ!" ಎಂದು ಗುಡುಗಿದೆ.

"ನೋಡ್ರಿ, ಅಳ್ಲಿಕ್ಕೂ ಬಿಡಂಗಿಲ್ಲ!" ಎಂದು ಆಕೆ ಇನ್ನೂ ಜೋರಾದಳು. ಅಷ್ಟರಲ್ಲಿ ಅಂಗಡಿಯಿಂದ ಬಂದ ಜಗದೇವಿ ಈ ಜಾತ್ರೆ ನೋಡಿ, ಕೈಚೀಲ ನೆಲಕ್ಕೆ ಒಗೆದು, "ಯಾರ್ ಹೋದ್ರವ್ವೋ!" ಎಂದು ತಾನೂ ದನಿಗೂಡಿಸಿದಳು. ಸಮಾಧಾನ ಮಾಡಲು ತಿರುಗಿದ ಉಮಾದೇವಿ ಅತ್ತಿಗೆಯ ಮುಖ ನೋಡಿದಳು. ಆಗ ಕಿರುಚಿದ ಕಿರುಚು ಕುರಕುಂಟಾದಲ್ಲಿ ಇನ್ನೂ ಯಾರೂ ಕಿರುಚಿಲ್ಲ! ಅದೇ ಹೊತ್ತಿಗೆ ಮಾಲೆ ಹಿಡಿದು ಓಡಿಬಂದ ಭಾಗಣ್ಣ, ಜಗದೇವಿಯನ್ನು ಕಂಡು ಏನು ಮಾಡಬೇಕೋ ತಿಳಿಯದೆ ಮಾಲೆಯನ್ನು ಆಕೆಯ ಕೈಗೇ ಕೊಟ್ಟುಬಿಟ್ಟ.

ಬಾಗಿಲು ತೆರೆಯಿತು.

"ಟೈಮ್ ಇನ್ನಾ ಅದ, ಒಳಗ ನಡಿ!" ಎಂದು ಮಗಳ ಮೇಲೆ ಹಾರಿದೆ.

"ಎಂಥಾ ಟೈಮಪ್ಪ? ಅರ್ಧ ಪೇಪರ್ ಸೈತ ಆಗಿಲ್ಲ. ಗಿರಣಿ ಚಾಲೂ ಇದ್ರ, ಒಂದು ಡಬ್ಬಿ ಬೀಸಾದು ಮುಗೀತಂದ್ರ ಬರದಿದ್ದ ಲೆಕ್ಕ ಬಿಟ್ಟು ಮುಂದ ಹೋಗ್ತಿದ್ದೆ. ಇವತ್ತ ಸಪ್ಪಳೇ ಇಲ್ಲ, ಒಂದೇ ಲೆಕ್ಕಕ್ಕ ಅಂಟಿಕೊಂಡು ಕುಂತೆ. ನಿನ್ನ ಕೈ ಮುಗೀತೀನಿ, ಗಿರಣಿ ಹಚ್ಚು!"

ಎಲ್ಲರೂ ನನ್ನನ್ನೇ ನೋಡಿದರು. ಮಾಲೆ ಹಿಡಿದ ಜಗದೇವಿಯ ನೋಟವಂತೂ, ಅದನ್ನು ಯಾರಿಗೆ ಹಾಕಲಿ ಎಂಬಂತಿತ್ತು. ತೆಪ್ಪಗೆ ಸ್ವಿಚ್ ಒತ್ತಿದೆ. ಅಂದಿನಿಂದ ಪ್ರಾಕ್ಟೀಸ್ ಹೊತ್ತಿಗೆ ಗಿರಾಕಿ ಇಲ್ಲದಿದ್ದರೆ ನಮ್ಮ ಮನೆಯ ಜೋಳವನ್ನೇ ಬೀಸಿದೆ. ತಿಂಗಳೊಪ್ಪತ್ತು ರೊಟ್ಟಿಗೆ ಬರವಿರಲಿಲ್ಲ. ಮಗಳ ಲೆಕ್ಕಗಳೂ ಏರುತ್ತ ಹೋದವು.

ಪರೀಕ್ಷೆ ಸೇಡಂನ ಒಂದು ಕಾಲೇಜಿನಲ್ಲಿ. ಆಕೆ ಒಳಗೆ ಹೋದ ಮೇಲೆ ನನಗೆ ಹೊಳೆಯಿತು. ಅಲ್ಲಿ ಗಿರಣಿ ಎಲ್ಲಿಂದ ಬರಬೇಕು? ಆ ಚಿಂತೆಯಲ್ಲಿರುವಾಗಲೇ ಗೇಟಿನ ಮುಂದೆ ಐಸ್‌ಕ್ಯಾಂಡಿಯವನೊಬ್ಬ ಪೋಂ ಪೋಂ ಎಂದ. ನನಗೆ ತಡೆಯಲಾಗಲಿಲ್ಲ. ಅವನಿಗೆ ಬೈದೆ. ಸುಮ್ಮನಿರಿ ಎಂದ ಪೊಲೀಸಪ್ಪನಿಗೆ, ಸುಮ್ಮನಿರುವುದು ಎಷ್ಟು ಮುಖ್ಯವೆಂದು ಗಂಟಲು ಹರಿಯುವಂತೆ ತಿಳಿಸಿ ಹೇಳಿದೆ. ಅವನು ರಸ್ತೆಯಾಚೆ ನೂಕಿದ. ಅಲ್ಲಿಂದಲೂ ಹೇಳಿದೆ. ಕಡೆಯ ಗಂಟೆ ಬಾರಿಸುವತನಕ ಹೇಳಿದೆ.

ಮಗಳು ನಗುತ್ತ ಬಂದಳು. "ಎಲ್ಲಾ ಲೆಕ್ಕ ಮುಟ್ಟಿನಪ್ಪ! ಮೊದ್ಲಿಗಿ ಸಪ್ಪಳಿಲ್ಲದೆ ಕೈನೇ ಓಡ್ಲಿಲ್ಲ. ಆಮ್ಯಾಲ ಕಿಟಕ್ಯಾಗಿಂದ ನಿನ್ನ ದನಿ ಬಂತು ನೋಡು, ನಿಲ್ಲಲೇ ಇಲ್ಲ. ಮನ್ಯಾಗ ಕುಂತಂಗೇ ಆತು!"

ನನ್ನ ಎದೆ ಎರಡಂಗುಲ ಉಬ್ಬಿತು. ಮೀಸೆಯ ಮೇಲೆ ಕೈ ಹೋಯಿತು. "ಒಳಗಿನ ಸರ್ ಏನೂ ಅನ್ಲಿಲ್ಲೇನು?"

"ಅಂದ್ರು. 'ಹೊರಗ ಒದರ್ಲಿಕತ್ತಾನಲ್ಲ, ಯಾರಪ್ಪ ಅಂವ?' ಅಂತ ಒಬ್ಬೊಬ್ಬರಿಗೇ ಕೇಳ್ಕೋತ ಬಂದ್ರು."

"ನೀ ಏನಂದಿ?"

"ನಮ್ಮೂರವ ಅಲ್ರಿ ಸರ್ ಅಂದೆ!"